ಕತ್ತಲ ಕೋಣೆಯ ಗಡಿಗೆ

ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ತಿಳಿಯುವುದು ಹೇಗೆ? ಕುಮಾರಿಲ ಭಟ್ಟರ ಮೀಮಾಂಸೆಯೂ ಅದ್ವೈತಿಗಳೂ ಇದಕ್ಕೆಂದೇ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪಿದರು: ಕಾಣದಿರುವುದೇ ಇಲ್ಲದಿರುವುದನ್ನು ತಿಳಿಸುತ್ತದೆ. ಆದರೆ ಅದಕ್ಕೊಂದು ಷರತ್ತುಂಟು. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿ ಇರಬೇಕು. ಕತ್ತಲಲ್ಲಿ ಕಣ್ಣು ಹಾಯಿಸಿ 'ಇಲ್ಲ' ಎಂದರೆ ಸಲ್ಲದು. ಹಲವು ಯಂತ್ರಗಳಲ್ಲಿ ಹರಡಿಕೊಂಡ ಡಿಸ್ಟ್ರಿಬ್ಯೂಟೆಡ್ ಸಾಫ್ಟ್‌ವೇರ್ ಕಟ್ಟಹೊರಟವರು ಎಡವಿದ್ದು ಈ ಷರತ್ತಿನಲ್ಲೇ ಎಂದು ನನ್ನ ವಾದ.

1960ರ ದಶಕದಲ್ಲಿ ಓಸ್ಲೋದಲ್ಲಿ ಸಿಮುಲಾ ಭಾಷೆಯೊಡನೆ ಹುಟ್ಟಿದ ಆಬ್ಜೆಕ್ಟ್ ಕಲ್ಪನೆ ಮುಂದೆ ಒಂದು ಶಿಸ್ತಾಗಿ ಬೆಳೆಯಿತು: ಒಳಗಿನ ಸ್ಥಿತಿ ಮುಚ್ಚಿಡು, ಹೊರಗಿನವರು ಕೇಳಬಹುದಾದ ಕೆಲಸಗಳನ್ನಷ್ಟೇ ತೋರಿಸು. ಒಂದೇ ಯಂತ್ರದೊಳಗೆ ಇದು ಸೊಗಸಾಗಿ ನಡೆಯಿತು. 1991ರ ಕೋರ್ಬಾ ಎಂಬ ಮಾನದಂಡ ಅದೇ ಶಿಸ್ತನ್ನು ಜಾಲದುದ್ದಕ್ಕೂ ಚಾಚಿತು. ಆಬ್ಜೆಕ್ಟ್ ಪಕ್ಕದಲ್ಲಿದೆಯೋ ಪರವೂರಿನಲ್ಲಿದೆಯೋ ಎಂಬುದು ಕರೆಯುವವನಿಗೆ ತಿಳಿಯಬೇಕಿಲ್ಲ ಎಂಬ ಆಸೆ ಅದರದು. 1994ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೊ ಮತ್ತು ಮೂವರು ಜೊತೆಗಾರರು ಈ ಆಸೆಯ ಬುಡಕ್ಕೇ ಕೈಹಾಕಿದರು. ವೇಗದ ಅಂತರವನ್ನು ಹೇಗಾದರೂ ನಿಭಾಯಿಸಬಹುದು, ಅರ್ಧಂಬರ್ಧ ಕೆಡುವುದನ್ನು ಮರೆಮಾಚಲಾಗದು ಎಂದರು. ಖಾತೆಯೊಂದಕ್ಕೆ '500 ರೂಪಾಯಿ ಕಳೆ' ಎಂದು ಸಂದೇಶ ಹೋಗಿದೆ, ಉತ್ತರವಿಲ್ಲ. ಸಂದೇಶ ತಲುಪಲೇ ಇಲ್ಲವೋ, ಹಣ ಕಳೆದ ಮೇಲೆ ಯಂತ್ರ ಕೆಟ್ಟಿತೋ, ಉತ್ತರ ಇನ್ನೂ ದಾರಿಯಲ್ಲಿದೆಯೋ? ಕರೆದವನು ನಿಂತಿರುವುದು ಕತ್ತಲ ಕೋಣೆಯಲ್ಲಿ.

ಮುಚ್ಚಿಡುವುದೇ ಅಬ್‌ಸ್ಟ್ರ್ಯಾಕ್ಷನ್‌ನ ಕಸುಬಲ್ಲವೇ, ಮರುಯತ್ನವನ್ನು ಕೆಳಪದರಕ್ಕೆ ಬಿಟ್ಟರಾಯಿತಲ್ಲ ಎನ್ನಬಹುದು. ಕೆಳಪದರ ಸುಮ್ಮನೆ ಮತ್ತೆ ಕಳುಹಿಸಿದರೆ 1000 ರೂಪಾಯಿ ಹೋದೀತು. ತಡೆಯಬೇಕೆಂದರೆ ಪ್ರತಿ ಕೋರಿಕೆಗೂ ಗುರುತಿನ ಸಂಖ್ಯೆ ಬೇಕು, ಖಾತೆ ಅದನ್ನು ನೆನಪಿಡಬೇಕು; ಅಲ್ಲಿಗೆ ಆಬ್ಜೆಕ್ಟಿನ ವಿನ್ಯಾಸವೇ ಬದಲಾಯಿತು. ಹೇಗೆ ಮಾಡುತ್ತೇನೆಂಬುದನ್ನು ಆಬ್ಜೆಕ್ಟ್ ಮುಚ್ಚಿಡಲಿ, ಮಾಡಿತೋ ಇಲ್ಲವೋ ತಿಳಿಯದೇ ಹೋಗಬಹುದೆಂಬುದನ್ನು ಮುಚ್ಚಿಡುವ ಹಕ್ಕು ಅದಕ್ಕಿಲ್ಲ. ಜಾಲ ಸುಧಾರಿಸಿದರೆ ಇದೆಲ್ಲ ತೀರುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಅದಕ್ಕೆ ಫಿಶರ್, ಲಿಂಚ್, ಪ್ಯಾಟರ್ಸನ್ 1985ರಲ್ಲೇ ಗಣಿತದಲ್ಲಿ ಉತ್ತರಿಸಿದ್ದಾರೆ: ವಿಳಂಬಕ್ಕೆ ಮಿತಿಯಿಲ್ಲದ ಜಾಲದಲ್ಲಿ ಒಂದೇ ಒಂದು ಪ್ರಕ್ರಿಯೆ ನಿಂತುಹೋಗುವ ಸಾಧ್ಯತೆ ಇದ್ದರೂ, ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆಂಬ ಖಾತ್ರಿಯನ್ನು ಯಾವ ನಿಶ್ಚಿತ ಕ್ರಮವಿಧಿಯೂ ಕೊಡಲಾರದು. ಸತ್ತದ್ದು ಯಾವುದು, ನಿಧಾನವಾದದ್ದು ಯಾವುದು ಎಂದು ಅಲ್ಲಿ ಗೊತ್ತಾಗುವುದಿಲ್ಲ. ವಿಳಂಬಕ್ಕೆ ಖಚಿತ ಮಿತಿ ಇದ್ದಲ್ಲಿ ಮಾತ್ರ ಮೌನ ಪ್ರಮಾಣವಾದೀತು. ಮೀಮಾಂಸಕರ ಷರತ್ತೂ ಅದೇ ತಾನೆ? ಉಳಿದೆಡೆ, ಇಷ್ಟು ಹೊತ್ತು ಕಾದು ಕೈಬಿಡುವ ಟೈಮ್‌ಔಟ್ ಎಂಬುದು ನಾವು ಕೈಗೊಂಡ ತೀರ್ಮಾನ, ಜ್ಞಾನವೆಂದು ಅದಕ್ಕೆ ಹೆಸರಿಡಬಾರದು.

1994ರ ಆ ನಾಲ್ವರಲ್ಲಿ ಒಬ್ಬರಾದ ಆನ್ ವೋಲ್ರಾತ್ ಮುಂದೆ ದೂರದ ಆಬ್ಜೆಕ್ಟುಗಳನ್ನು ಕರೆಯುವ ಜಾವಾ ಆರ್‌ಎಂಐ ರೂಪಿಸುವುದರಲ್ಲಿ ಪ್ರಮುಖರಾದರು. ಅದರಲ್ಲಿ ದೂರದ ಆಬ್ಜೆಕ್ಟಿನ ಪ್ರತಿ ಮೆಥಡ್ಡೂ ರಿಮೋಟ್‌ಎಕ್ಸೆಪ್ಷನ್ ಎಂಬ ದೋಷ ಬರಬಹುದೆಂದು ಮೊದಲೇ ಸಾರಬೇಕು. ಬರೆಯುವವರಿಗೆ ಕಿರಿಕಿರಿ, ಆದರೂ ಕೋರ್ಬಾದ ಆಸೆಗಿಂತ ಇದು ಪ್ರಾಮಾಣಿಕ.