ದಾರದ ಬಿಗಿಯಲ್ಲಿರುವ ಹಡಗು

ಬಿಡಿಭಾಗಗಳು ಸೇರಿದಾಗ ಇಡಿಯಾದ ವಸ್ತುವೊಂದು ನಿಜಕ್ಕೂ ಹುಟ್ಟುತ್ತದೆಯೆ? ಅಥವಾ ‘ಇಡಿ’ ಎಂಬುದು ಬಿಡಿಗಳ ಗುಂಪಿಗೆ ನಾವಿಟ್ಟುಕೊಂಡ ಹೆಸರು ಮಾತ್ರವೆ? ನಮ್ಮ ದೇಶದ ತಾರ್ಕಿಕರು ಶತಮಾನಗಳ ಕಾಲ ಸೆಣಸಾಡಿದ ಪ್ರಶ್ನೆ ಇದು. ಬರಿ ಹೆಸರೆನ್ನುವ ಬೌದ್ಧರು ಒಂದು ಕಡೆ, ಇಡಿ ನಿಜವೆನ್ನುವ ನೈಯಾಯಿಕರು ಇನ್ನೊಂದು ಕಡೆ. ನಾನು ಶಾಸ್ತ್ರ ಓದಿ ಬೆಳೆದವನಲ್ಲ. ಹೊನ್ನಾವರದಲ್ಲಿ ಹುಟ್ಟಿ, ಪೀಣ್ಯದ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕಗಳ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಈಗ ನಂದಿನಿ ಲೇಔಟಿನ ಮನೆಯ ಮಹಡಿ ಕೋಣೆಯಲ್ಲಿ ಕೂತು, ಮಕ್ಕಳಾಟದ ಲೆಗೊ ಇಟ್ಟಿಗೆಗಳಿಂದ ಹಾಯಿಹಡಗು ಕಟ್ಟುತ್ತೇನೆ. ಈ ಹಳೆಯ ಪ್ರಶ್ನೆಗೆ ಆ ಕೆಲಸದಲ್ಲೇ ನನಗೊಂದು ಉತ್ತರ ಸಿಕ್ಕಿದೆ.

ಮೊದಲು ಇಟ್ಟಿಗೆಯ ವಿಷಯ. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಲೆಗೊ ಕಂಪನಿ ಈಗಿನ ರೂಪದ ಇಟ್ಟಿಗೆಗೆ ಪೇಟೆಂಟ್ ಕೋರಿದ್ದು 1958ರ ಜನವರಿ 28ರಂದು. ಮೇಲೆ ಗುಂಡನೆಯ ಸ್ಟಡ್, ಒಳಗೆ ಟೊಳ್ಳು ಕೊಳವೆ. ಅವೆರಡರ ನಡುವಿನ ಹಿಡಿತವೇ ಈ ಆಟಿಕೆಯ ಪ್ರಾಣ. ಸ್ಟಡ್‌ನಿಂದ ಸ್ಟಡ್‌ಗೆ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ಪ್ಲೇಟಿನದು 3.2 ಮಿ.ಮೀ. ಎಬಿಎಸ್ ಪ್ಲಾಸ್ಟಿಕ್ ತಣ್ಣಗಾಗುವಾಗ ಎಷ್ಟು ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಎಷ್ಟು ಹಿಗ್ಗಿಸಿ ಕೊರೆಯಬೇಕು ಎಂಬುದರ ಮೇಲೆ ನನ್ನ ಆಯುಷ್ಯವೇ ಕಳೆದಿದೆ. ಅಂಥವನಿಗೆ ಮೈಕ್ರಾನ್‌ಗಳಲ್ಲಿ ಕಾಯ್ದುಕೊಂಡ ಈ ಅಳತೆ ಕಂಡರೆ ಕೈಮುಗಿಯಬೇಕೆನಿಸುತ್ತದೆ. ಎಂಟು ಸ್ಟಡ್‌ಗಳ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ.

ಹಡಗಿನ ಮೈಯೆಲ್ಲ ಬಾಗು, ಇಟ್ಟಿಗೆಯೆಲ್ಲ ಚೌಕ. ಮೂತಿಯ ಕಡೆ ಒಡಲು ಒಳಕ್ಕೆ ತಿರುಗಬೇಕು, ತಳಕ್ಕೆ ಹೋದಂತೆ ಕಿರಿದಾಗಬೇಕು. ಇಲ್ಲೊಂದು ಲೆಕ್ಕ ಕೈಹಿಡಿಯುತ್ತದೆ. ಐದು ಪ್ಲೇಟುಗಳನ್ನು ಒಂದರ ಮೇಲೊಂದಿಟ್ಟರೆ 16 ಮಿ.ಮೀ.; ಎರಡು ಸ್ಟಡ್‌ಗಳ ಅಗಲವೂ ಅಷ್ಟೇ. ಹಾಗಾಗಿ ಇಟ್ಟಿಗೆಯನ್ನು ಮಗ್ಗುಲಾಗಿ ಮಲಗಿಸಿಯೂ ಸಂದಿಲ್ಲದಂತೆ ಕೂರಿಸಬಹುದು. ಕೀಲಿರುವ ಪ್ಲೇಟುಗಳಿಂದ ಪಕ್ಕದ ಗೋಡೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಒಡಲು ಮೈದುಂಬಿಕೊಳ್ಳುತ್ತದೆ. ಇಷ್ಟಾದಾಗ ನೋಡಿದವರು ಹಡಗು ಎನ್ನುತ್ತಾರೆ. ನಾನು ಇನ್ನೂ ಹಾಗೆ ಕರೆಯುವುದಿಲ್ಲ.

ಯಾಕೆಂದರೆ ಈ ಹಂತದವರೆಗೆ ನಾಗಸೇನನ ಮಾತೇ ಗೆಲ್ಲುತ್ತದೆ. ಕ್ರಿಸ್ತಪೂರ್ವ ಎರಡನೇ ಶತಮಾನದ ಗ್ರೀಕ್ ದೊರೆ ಮಿನಾಂಡರ್‌ಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ‘ಮಿಲಿಂದ ಪ್ರಶ್ನೆ’ ಎಂಬ ಪಾಲಿ ಗ್ರಂಥ ಹೇಳುವ ಪ್ರಸಂಗವಿದೆ. ರಥವೇರಿ ಬಂದ ದೊರೆಯನ್ನು ಭಿಕ್ಷು ಕೇಳುತ್ತಾನೆ: ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ? ಇವೆಲ್ಲವೂ ಅಲ್ಲವಾದರೆ ಇವನ್ನು ಬಿಟ್ಟು ಬೇರೆ ರಥವಿದೆಯೆ? ದೊರೆ ಇಲ್ಲವೆನ್ನುತ್ತಾನೆ. ಹಾಗಾದರೆ ರಥವೆಂಬುದು ವ್ಯವಹಾರಕ್ಕಿಟ್ಟ ಹೆಸರು, ನಾಗಸೇನನೆಂಬುದೂ ಹಾಗೆಯೇ, ಒಳಗೆ ಒಡೆಯನೆಂಬವನಿಲ್ಲ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕಠೋಪನಿಷತ್ತಿನಲ್ಲೂ ರಥವಿದೆ. ಅಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು. ಆತ್ಮ ಅದರಲ್ಲಿ ಕೂತ ಒಡೆಯ. ಒಡೆಯನಿದ್ದಾನೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಏಳನೇ ಶತಮಾನದ ಚಂದ್ರಕೀರ್ತಿ ಬೌದ್ಧವಾದವನ್ನು ಇನ್ನಷ್ಟು ಮೊನಚು ಮಾಡಿದ. ರಥವು ಭಾಗಗಳಿಗಿಂತ ಬೇರೆಯಲ್ಲ, ಭಾಗಗಳೇ ಆಗಿಯೂ ಇಲ್ಲ, ಅವುಗಳ ಗುಂಪೂ ಅಲ್ಲ, ಅವುಗಳ ಆಕಾರವೂ ಅಲ್ಲ ಎಂದು ಏಳು ಬಗೆಯಲ್ಲಿ ಹುಡುಕಿ, ಎಲ್ಲೂ ಸಿಗದೆಂದು ತೋರಿಸಿದ. ಇಟ್ಟಿಗೆಯ ಒಡಲಿನ ಮಟ್ಟಿಗೆ ನನಗೆ ಇದಕ್ಕೆ ಎದುರುತ್ತರವಿಲ್ಲ. ಅದನ್ನು ಬಿಚ್ಚಿ ಡಬ್ಬಿಗೆ ಹಾಕಿದರೆ ಏನೂ ಕಳೆಯುವುದಿಲ್ಲ, ಲೆಕ್ಕ ಸರಿಯಾಗಿರುತ್ತದೆ.

ಆಮೇಲೆ ದಾರದ ಕೆಲಸ ಶುರುವಾಗುತ್ತದೆ. ಚಿಕ್ಕಪೇಟೆಯಿಂದ ತಂದ ಹತ್ತಿ ದಾರಕ್ಕೆ ಜೇನುಮೇಣ ಸವರಿ ಎಳೆಗಳನ್ನು ಕೂಡಿಸಿ ಹೊಸೆಯುತ್ತೇನೆ. ಹಡಗಿನ ಹಗ್ಗಗಳಲ್ಲಿ ಎರಡು ಬಗೆ. ಒಂದು, ಕಂಬವನ್ನು ನಿಲ್ಲಿಸುವ ಹಗ್ಗಗಳು: ಎರಡು ಮಗ್ಗುಲಿಗೆ ಕಟ್ಟಿದವು ಶ್ರೌಡ್, ಮುಂದಕ್ಕೂ ಹಿಂದಕ್ಕೂ ಕಟ್ಟಿದವು ಸ್ಟೇ. ಇನ್ನೊಂದು, ಹಾಯಿಯನ್ನು ಏರಿಸಿ ಇಳಿಸುವ, ಗಾಳಿಗೆ ತಕ್ಕಂತೆ ತಿರುಗಿಸುವ ಹಗ್ಗಗಳು. ಮೊದಲನೆಯವು ಸರಿಯಾಗದೆ ಎರಡನೆಯವಕ್ಕೆ ಕೈಹಾಕುವಂತಿಲ್ಲ.

ಇಲ್ಲಿ ಲೆಗೊಗೆ ಒಂದು ಕಷ್ಟವಿದೆ. ಕಂಬದ ತುದಿಯಿಂದ ಇಳಿದು ಬಂದ ದಾರ ಹಡಗಿನ ಅಂಚನ್ನು ಮೇಲಕ್ಕೆ ಎಳೆಯುತ್ತದೆ. ಇಟ್ಟಿಗೆ ಬಿಚ್ಚಿಕೊಳ್ಳುವುದೂ ಅದೇ ದಿಕ್ಕಿಗೆ. ದಾರವನ್ನು ಅಂಚಿನ ಪ್ಲೇಟಿಗೇ ಕಟ್ಟಿ ಬಿಗಿದರೆ ಪ್ಲೇಟು ಕಿತ್ತು ಬರುತ್ತದೆ. ಹಾಗಾಗಿ ದಾರವನ್ನು ಅಂಚಿನೊಳಗಿಂದ ತೂರಿಸಿ, ತಳದ ಹತ್ತಿರ ತೂತಿರುವ ಇಟ್ಟಿಗೆಗೆ ಗಂಟು ಹಾಕಬೇಕು. ಆಗ ದಾರದ ಸೆಳೆತ ಕಂಬವನ್ನು ಕೆಳಕ್ಕೆ ಒತ್ತುತ್ತದೆ, ತಳವನ್ನು ಮೇಲಕ್ಕೆ ಎತ್ತುತ್ತದೆ. ನಡುವಿನ ಇಟ್ಟಿಗೆಗಳು ಒಂದಕ್ಕೊಂದು ಅಮುಕಿಕೊಳ್ಳುತ್ತವೆ. ಕಿತ್ತುಹಾಕುತ್ತಿದ್ದ ಬಲವೇ ಈಗ ಕೂಡಿಸುವ ಬಲ.

ಮುಂದಿನ ದಾರವನ್ನು ತುಸು ಹೆಚ್ಚು ಬಿಗಿದರೆ ಕಂಬ ಮುಂದಕ್ಕೆ ವಾಲುತ್ತದೆ. ವಾಲಿದೊಡನೆ ಹಿಂದಕ್ಕೆ ಕಟ್ಟಿದ ದಾರ ಕಂಪಿಸುವಷ್ಟು ಬಿಗಿಯುತ್ತದೆ, ಮಗ್ಗುಲಿನವು ಏರುಪೇರಾಗುತ್ತವೆ. ಎಡಕ್ಕೆ ಬಿಗಿದರೆ ಬಲಕ್ಕೂ ಬಿಗಿಯಬೇಕು. ಯಾವ ದಾರವನ್ನೂ ಅದೊಂದನ್ನೇ ಸರಿಮಾಡಲು ಬರುವುದಿಲ್ಲ. ಸರದಿಯಲ್ಲಿ ಒಂದೊಂದನ್ನೂ ಕೂದಲೆಳೆಯಷ್ಟು ಎಳೆಯುತ್ತ, ಸಡಿಲಿಸುತ್ತ ಹೋದಾಗ ಒಂದು ಗಳಿಗೆಯಲ್ಲಿ ಎಲ್ಲ ಸಮಕ್ಕೆ ಬರುತ್ತವೆ. ಆಗ ಎಡಗಡೆಯ ದಾರವನ್ನು ಬೆರಳಿನಿಂದ ಮೀಟಿದರೆ ಬಲಗಡೆಯ ದಾರ ನಡುಗುತ್ತದೆ. ನಾನು ಹಡಗು ಎಂದು ಕರೆಯುವುದು ಆ ಗಳಿಗೆಯಿಂದ.

ಈಗ ಚಂದ್ರಕೀರ್ತಿಯ ಪಟ್ಟಿಯನ್ನು ಮತ್ತೆ ತೆಗೆಯೋಣ. ಈ ಬಿಗಿ ಬಿಡಿಭಾಗಗಳಲ್ಲಿ ಒಂದೆ? ಅಲ್ಲ, ಅದನ್ನು ಡಬ್ಬಿಯಲ್ಲಿಡಲು ಬರುವುದಿಲ್ಲ. ಯಾವುದೋ ಒಂದು ದಾರದೊಳಗಿದೆಯೆ? ಇಲ್ಲ, ಎದುರು ತುದಿಯನ್ನು ಹಿಡಿಯುವುದೊಂದಿಲ್ಲದೆ ದಾರ ಬಿಗಿಯಾಗಲಾರದು. ಗುಂಪೆ? ಅದೇ ದಾರ, ಅದೇ ಇಟ್ಟಿಗೆ ಮೇಜಿನ ಮೇಲೆ ಹರಡಿದ್ದಾಗ ಅದಿರಲಿಲ್ಲ. ಆಕಾರವೆ? ಅಂಗಡಿಯ ಷೋಕೇಸಿನಲ್ಲಿ ದಾರಗಳಿಗೆ ಅಂಟು ಹಚ್ಚಿ ಗಟ್ಟಿ ಮಾಡಿದ ಹಡಗುಗಳಿರುತ್ತವೆ. ಆಕಾರ ಅಚ್ಚುಕಟ್ಟು, ಎಳೆತ ಎಳ್ಳಷ್ಟೂ ಇಲ್ಲ. ಹೀಗೆ ಪಟ್ಟಿಯಲ್ಲಿ ಎಲ್ಲೂ ಸಿಗದಿದ್ದರೂ ನನ್ನ ಹಡಗಿನಲ್ಲಿ ಬಿಗಿ ಇದೆ. ಬೆರಳಿಗೆ ತಗಲುತ್ತದೆ, ಇಟ್ಟಿಗೆಗಳನ್ನು ಹಿಡಿದಿಡುತ್ತದೆ, ಕಂಬವನ್ನು ನಿಲ್ಲಿಸುತ್ತದೆ. ಕೆಲಸ ಮಾಡುವುದನ್ನು ಬರಿ ಹೆಸರು ಎನ್ನಲು ನನಗೆ ಮನಸ್ಸು ಬಾರದು.

ನೈಯಾಯಿಕರ ಕಡೆ ನೋಡಿದರೆ, ಗೌತಮನ ನ್ಯಾಯಸೂತ್ರದಲ್ಲಿ ಇದಕ್ಕೆ ಹತ್ತಿರದ ವಾದವೊಂದಿದೆ. ವಸ್ತುವಿನ ಒಂದು ಭಾಗ ಹಿಡಿದೆಳೆದರೆ ಇಡೀ ವಸ್ತು ಬರುತ್ತದೆ, ಆದ್ದರಿಂದ ಇಡಿಯೆಂಬುದು ನಿಜ ಎಂಬುದು ಅದರ ತಿರುಳು. ಭಾಷ್ಯಕಾರ ವಾತ್ಸ್ಯಾಯನ ಇದರಲ್ಲೇ ತೊಡಕನ್ನೂ ಕಂಡ: ಹಾಗೆ ಎಳೆಯಲು ಬರುವುದು ಭಾಗಗಳನ್ನು ಕೂಡಿಸಿದ ಬಂಧದಿಂದ, ಅದೊಂದರಿಂದಲೇ ಬೇರೊಂದು ವಸ್ತುವಿದೆಯೆಂದು ಸಾಧಿಸಲಾಗದು. ನನಗೆ ಆ ತೊಡಕೇ ಉತ್ತರವಾಗಿ ಕಾಣುತ್ತದೆ. ಇಡಿ ಎಂಬುದು ಬಿಡಿಗಳ ಮೇಲೆ ಬಂದು ಕೂರುವ ಇನ್ನೊಂದು ವಸ್ತುವಾಗಬೇಕಿಲ್ಲ. ಬಿಡಿಗಳು ಒಂದನ್ನೊಂದು ಹಿಡಿದಿರುವ ಆ ಬಂಧವೇ ಇಡಿ. ಅದು ಶಾಶ್ವತವಲ್ಲ, ಸ್ವತಂತ್ರವೂ ಅಲ್ಲ ಎಂಬ ಬೌದ್ಧರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಶಾಶ್ವತವಲ್ಲದ್ದು ಇಲ್ಲವೇ ಇಲ್ಲ ಎನ್ನುವಲ್ಲಿ ಮಾತ್ರ ಅವರಿಂದ ಅಗಲುತ್ತೇನೆ.

ಒಡಲೇ ದಾರದಿಂದಾದ ಹಡಗುಗಳೂ ಇವೆ. ಅರಬ್ಬೀ ಸಮುದ್ರದ ನಾವಿಕರು ಮೊಳೆ ಬಡಿಯದೆ, ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಹಡಗು ಕಟ್ಟುತ್ತಿದ್ದರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತ ಇದರ ಕಾರಣವನ್ನೂ ಬರೆದಿಟ್ಟಿದ್ದಾನೆ: ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವಾದಲ್ಲಿ, ಕೇರಳದ ಕುಶಲಕರ್ಮಿಗಳ ಕೈಯಿಂದ ಹೊಲಿಸಿದ ಅಂಥ ಹಡಗೊಂದನ್ನು ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ಸೇರಿಸಿಕೊಂಡಿತು. ಹೆಸರು ಕೌಂಡಿನ್ಯ. ಚೌಕ ಹಾಯಿಗಳು, ಅವುಗಳ ಮೇಲೆ ನಮ್ಮ ಗಂಡಭೇರುಂಡ ಮತ್ತು ಸೂರ್ಯ, ಮೂತಿಯಲ್ಲಿ ಸಿಂಹಯಾಳಿ. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಅದು ಮಸ್ಕತ್ ಮುಟ್ಟಿತು. ಆ ಹಡಗನ್ನು ಕಂದು ಇಟ್ಟಿಗೆಗಳಲ್ಲಿ ಕಟ್ಟುತ್ತಿದ್ದೇನೆ. ಗಂಡಭೇರುಂಡವನ್ನು ಹಳೆಯ ಪಂಚೆಯ ತುಂಡಿನ ಮೇಲೆ ಮೊಮ್ಮಗಳು ಬರೆದುಕೊಟ್ಟಿದ್ದಾಳೆ.

ಪ್ರಶ್ನೆಯನ್ನು ಮನೆಯೊಳಕ್ಕೆ ತಂದವಳೂ ಅವಳೇ. ಇಟ್ಟಿಗೆ ಸಾಲದೆ ಹಳೆಯ ಹಡಗೊಂದನ್ನು ಬಿಚ್ಚುತ್ತಿದ್ದಾಗ, “ಅಜ್ಜ, ತುಂಡೆಲ್ಲ ಇಲ್ಲೇ ಇದೆಯಲ್ಲ, ಹಡಗು ಎಲ್ಲಿ ಹೋಯ್ತು?” ಎಂದು ಕೇಳಿದಳು. ಸ್ವಲ್ಪ ಹೊತ್ತು ಬಿಟ್ಟು, “ಅಜ್ಜಿ ಹೋದ ಹಾಗಾ?” ಎಂದಳು.

ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಂದು ವಸ್ತುವೂ ಕಡಿಮೆಯಾಗಿರಲಿಲ್ಲ. ಒಗ್ಗರಣೆ ಸೌಟು, ಕನ್ನಡಕ, ಹೂವಿನ ಬುಟ್ಟಿ ಇದ್ದಲ್ಲೇ ಇದ್ದವು. ಮನೆ ಮಾತ್ರ ಸಡಿಲವಾಗಿತ್ತು. ದೊಡ್ಡವನಿಗೂ ಚಿಕ್ಕವನಿಗೂ ನಡುವೆ ಮಾತಿನ ಎಳೆ ಹರಿಯದಂತೆ ನೋಡಿಕೊಳ್ಳುತ್ತಿದ್ದವಳು ಅವಳು. ಕುಮಟೆಯ ನಾದಿನಿಯ ಶ್ರಾದ್ಧದ ತಿಥಿ, ಹೂವಿನಾಕೆಯ ಮಗಳ ಕಾಲೇಜು ಫೀಸು, ಎದುರು ಮನೆಯ ಒಂಟಿ ಮುದುಕರಿಗೆ ಹುಳಿ ಕಳಿಸುವುದು, ಎಲ್ಲದರ ತುದಿಯೂ ಅವಳ ಕೈಯಲ್ಲಿತ್ತು. ಆ ಹಿಡಿತಗಳ ಒಟ್ಟನ್ನೇ ನಾವು ಅವಳೆಂದು ಕರೆಯುತ್ತಿದ್ದೆವು. ಒಳಗೆ ಕೂತ ರಥಿಕ ಎದ್ದು ಹೋದನೋ, ಅಂಥವನಿರಲೇ ಇಲ್ಲವೋ, ನನ್ನ ಕೆಲಸ ಅದನ್ನು ಹೇಳುವುದಿಲ್ಲ. ಅವಳಿದ್ದದ್ದು ಬರಿ ಹೆಸರಾಗಿ ಅಲ್ಲ ಎಂಬುದನ್ನು ಮಾತ್ರ ಖಂಡಿತವಾಗಿ ಹೇಳುತ್ತದೆ.

ಹಾಗಿದ್ದರೆ ಆ ಬಿಗಿ ಉಳಿಯುವ ದಾರಿಯೇನು? ಗ್ರೀಕರ ಥೀಸಿಯಸ್‌ನ ಹಡಗಿನ ಕಥೆಯನ್ನು ಪ್ಲುಟಾರ್ಕ್ ಬರೆದಿದ್ದಾನೆ. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರೆ ಕೊನೆಗುಳಿದದ್ದು ಅದೇ ಹಡಗೆ ಎಂದು ಅಲ್ಲಿನ ತತ್ತ್ವಜ್ಞರು ತರ್ಕಿಸಿದರು. ಹಗ್ಗದ ಕೆಲಸ ಗೊತ್ತಿದ್ದವರಿಗೆ ಇದು ಅಷ್ಟು ಕಠಿಣವಲ್ಲ. ಸವೆದ ದಾರವನ್ನು ಬದಲಿಸುವಾಗ ಮೊದಲು ಅದರ ಪಕ್ಕದಲ್ಲೇ ಹೊಸದನ್ನು ಕಟ್ಟಿ, ಭಾರ ಅದಕ್ಕೆ ಬಂದ ಮೇಲೆ ಹಳೆಯದನ್ನು ಕತ್ತರಿಸಬೇಕು. ಹಾಗೆ ಮಾಡಿದರೆ ಎಲ್ಲ ದಾರ ಹೊಸದಾದರೂ ಹಡಗು ಅದೇ, ಏಕೆಂದರೆ ಬಿಗಿ ಒಂದು ಕ್ಷಣವೂ ತಪ್ಪಿಲ್ಲ.

ಉಡುಪಿಯಲ್ಲಿ ಇದು ಪೂಜೆಯ ಕ್ರಮವೇ ಆಗಿದೆ. ಅಲ್ಲಿನ ಕೃಷ್ಣನೂ ಹಡಗಿನಲ್ಲೇ ಬಂದವನು. ಮಲ್ಪೆಯ ಕಡಲಲ್ಲಿ ಅಪಾಯಕ್ಕೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡದಿಂದ ವಸ್ತ್ರ ಬೀಸಿ ಪಾರುಮಾಡಿದರು. ತಳದ ಭಾರಕ್ಕೆಂದು ಇಟ್ಟಿದ್ದ ಗೋಪೀಚಂದನದ ಹೆಂಟೆಯನ್ನು ಕಾಣಿಕೆಯಾಗಿ ಪಡೆದರು. ಅದರೊಳಗೆ ಮೂರ್ತಿಯಿತ್ತು ಎಂದು ಸಂಪ್ರದಾಯ ಹೇಳುತ್ತದೆ. ಆ ಪೂಜೆಯನ್ನು ಎಂಟು ಮಠಗಳು ಸರದಿಯಲ್ಲಿ ಮಾಡುತ್ತವೆ. ಎರಡು ತಿಂಗಳಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಪರ್ಯಾಯದ ಬೆಳಗಿನ ಜಾವ, ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಅಕ್ಷಯ ಪಾತ್ರೆಯನ್ನೂ ಸಟ್ಟುಗವನ್ನೂ ಕೊಡುತ್ತಾರೆ. ಹೊಸ ಕೈ ಹಿಡಿದ ಮೇಲೆಯೇ ಹಳೆಯ ಕೈ ಬಿಡುತ್ತದೆ. ನಮ್ಮ ಲೇಔಟಿನ ಅಂಚಿನಲ್ಲಿರುವ ಕಂಠೀರವ ಸ್ಟುಡಿಯೊದಲ್ಲೂ ಇದರದೇ ಇನ್ನೊಂದು ರೂಪ ಕಾಣುತ್ತೇನೆ. ರಾಜ್‌ಕುಮಾರ್ 2006ರಲ್ಲಿ ಹೋದರು, ಪುನೀತ್ 2021ರಲ್ಲಿ. ಅವರ ಸಮಾಧಿಯ ಬಳಿ ಅನ್ನದಾನಕ್ಕೆ, ರಕ್ತದಾನಕ್ಕೆ ನಿಲ್ಲುವ ಹುಡುಗರು ಆ ಇಬ್ಬರು ಬಿಟ್ಟ ತುದಿಯನ್ನು ಕೈಗೆತ್ತಿಕೊಂಡವರು.

ಆದ್ದರಿಂದ ಸತ್ತ ಮೇಲೆ ನಾನು ಉಳಿಯುತ್ತೇನೆಯೆ ಎಂಬ ಪ್ರಶ್ನೆಗಿಂತ, ನಾನು ಹಿಡಿದಿರುವ ತುದಿಗಳನ್ನು ಯಾರಿಗೆ, ಯಾವಾಗ ಕೊಡುತ್ತೇನೆ ಎಂಬುದು ನನಗೆ ದೊಡ್ಡ ಧಾರ್ಮಿಕ ಪ್ರಶ್ನೆ. ನನ್ನವಳು ಹಠಾತ್ತನೆ ಹೋದಳು. ಅವಳ ಎಳೆಗಳನ್ನು ಹೆಕ್ಕಿಕೊಳ್ಳಲು ನಮಗೆ ಕಾಲ ಹಿಡಿಯಿತು, ಕೆಲವು ಇನ್ನೂ ಸಿಕ್ಕಿಲ್ಲ. ಅದಕ್ಕೇ ಈಗ ಎದುರು ಮನೆಗೆ ಹುಳಿ ಒಯ್ಯುವಾಗ ಮೊಮ್ಮಗಳನ್ನು ಜೊತೆಗೆ ಕರೆದೊಯ್ಯುತ್ತೇನೆ. ಹೂವಿನಾಕೆಯ ಲೆಕ್ಕವನ್ನು ಚಿಕ್ಕವನಿಗೆ ಒಪ್ಪಿಸಿದ್ದೇನೆ, ಹೊನ್ನಾವರದ ನೆಂಟರ ಫೋನು ದೊಡ್ಡವನಿಗೆ ಹೋಗುವಂತೆ ಮಾಡಿದ್ದೇನೆ. ಅಣ್ಣತಮ್ಮಂದಿರ ನಡುವಿನ ಮಾತು ಮಾತ್ರ ಇನ್ನೂ ನನ್ನ ಮೂಲಕವೇ ಹರಿಯುತ್ತಿದೆ. ಅದು ನನ್ನನ್ನು ದಾಟಿ ನೇರವಾಗಿ ಅವರಿಬ್ಬರ ನಡುವೆ ಬಿಗಿಯುವವರೆಗೆ ನನಗೆ ಕೆಲಸವಿದೆ.