ಹೊತ್ತುಕೊಂಡು ಹೋಗುವ ನಂಬಿಕೆ

ವಾಕ್ಯಭಾಗ: ಮಾರ್ಕ 2:1–12

 

ಕಪೆರ್ನೌಮಿನ ಆ ಮನೆ ನಿಮಗೆ ಗೊತ್ತು. ಬಾಗಿಲ ತನಕ ಜನ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರು, ಒಳಗೆ ಹೋಗಲು ದಾರಿ ಇಲ್ಲ. ಮಾಳಿಗೆ ಹತ್ತಿದರು, ಬಿಚ್ಚಿದರು, ಹಾಸಿಗೆ ಸಮೇತ ಇಳಿಸಿದರು. ಆಗ ಯೇಸು ಸ್ವಾಮಿ ನೋಡಿದ್ದು ಅವರ ನಂಬಿಕೆ. ಆ ನಾಲ್ವರು ಏನು ಪ್ರಾರ್ಥಿಸಿದರು ಅಂತ ಮಾರ್ಕ ಬರೆದಿಲ್ಲ. ಅವರು ಹೊತ್ತರು, ಅಷ್ಟೇ. ಕಣ್ಣಿಗೆ ಕಾಣಿಸಿದ ನಂಬಿಕೆ ಅದು.

ಪ್ರಿಯರೇ, ಇವತ್ತು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ, ಮಾವಿನ ಸೀಸನ್. ನಮ್ಮ ಶ್ರೀನಿವಾಸಪುರದ ಮಂಡಿಗಳಲ್ಲಿ ಲಾರಿಗಳ ಸಾಲು. ಊರಾಚೆ ಟಾರ್ಪಾಲ್ ಗುಡಿಸಲುಗಳು. ಮಳೆ ಇಲ್ಲದೆ, ಸಾಲ ತೀರದೆ ಊರು ಬಿಟ್ಟು ಕೂಲಿಗೆ ಬಂದವರು. ಒಬ್ಬ ತಾಯಿ, "ಅಣ್ಣಾ, ಪಾಪೂಗೆ ಪ್ರಾರ್ಥನೆ ಮಾಡಿ" ಅಂದಳು. ಮಗು ಅತ್ತರೆ ತುಟಿ ನೀಲಿ. ಹಾಲು ಕುಡಿಯುವಾಗ ಹಣೆ ತುಂಬಾ ಬೆವರು.

ತಲೆ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದೆ. "ನಂಬಿಕೆ ಇಡಮ್ಮ" ಅಂದು ಬೈಕ್ ಹತ್ತಿ ಬಂದುಬಿಟ್ಟೆ. ಮುಂದಿನ ವಾರ ಹೋದರೆ ಗುಡಿಸಲೇ ಇಲ್ಲ, ಒಲೆಯ ಮೂರು ಕಲ್ಲು ಮಾತ್ರ. ಫೋನ್ ನಂಬರ್ ಕೂಡ ತಗೊಂಡಿರಲಿಲ್ಲ. ಸಾಕ್ಷಿ ಅಂದರೆ ಕೊನೆಗೆ ಜಯ ಇರಬೇಕು ಅಂತೀವಿ. ಈ ಸಾಕ್ಷಿಯ ಕೊನೆ ನನಗೆ ಗೊತ್ತಿಲ್ಲ.

ಆಮೇಲೆ ಸಭೆಯ ನರ್ಸ್ ಅಕ್ಕ ಒಬ್ಬರು ಹೇಳಿದರು, ಹುಟ್ಟಿನಿಂದ ಹೃದಯದಲ್ಲಿ ದೋಷ ಇದ್ದರೆ ಹೀಗೆ ಆಗಬಹುದು, ಸಮಯಕ್ಕೆ ಆಪರೇಷನ್ ಆದರೆ ಬಹಳ ಮಕ್ಕಳು ಉಳಿಯುತ್ತಾರೆ ಅಂತ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅಂಗನವಾಡಿ, ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ ಉಚಿತ ಚಿಕಿತ್ಸೆಗೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಜಯದೇವ ಇದೆ. ಆದರೆ ಟಾರ್ಪಾಲ್ ಕೆಳಗಿನ ಮಗು ಯಾವ ಅಂಗನವಾಡಿ ಪಟ್ಟಿಯಲ್ಲಿದೆ? ಭಾಷೆ ಬರಲ್ಲ, ಕಾರ್ಡ್ ಬೇರೆ ಊರಿನದು, ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯ್ತು. ಬಾಗಿಲಲ್ಲಿ ನಿಂತ ಜನಜಂಗುಳಿ ಇದೇ.

2003 ನೆನಪಿದೆಯಾ? ನಿಮ್ಮಲ್ಲಿ ಕೆಲವರು ಹುಟ್ಟಿರಲಿಲ್ಲ. ಒಂದೂವರೆ ವರ್ಷ ನಿಂತಿದ್ದ ಲಾಹೋರ್–ದೆಹಲಿ ಬಸ್ ಆ ಜುಲೈನಲ್ಲಿ ಮತ್ತೆ ಹೊರಟಿತು. ಅದರಲ್ಲಿ ಎರಡೂವರೆ ವರ್ಷದ ಮಗು, ಪತ್ರಿಕೆಗಳು ಬೇಬಿ ನೂರ್ ಅಂದವು. ಹೃದಯದಲ್ಲಿ ರಂಧ್ರ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯ್ತು, ಮಗು ಉಳಿಯಿತು. ಯುದ್ಧದ ಅಂಚಿಗೆ ಹೋಗಿದ್ದ ಎರಡು ದೇಶ! ಆದರೂ ಇಲ್ಲಿಯ ಜನ ಆ ಮಗುವಿಗಾಗಿ ಪ್ರಾರ್ಥಿಸಿದರು, ಹಣವನ್ನೂ ಕಳಿಸಿದರು. ಗಡಿ ದಾಟಿ ಬಂದ ಮಗುವಿಗೆ ಮಾಳಿಗೆ ಬಿಚ್ಚಿಕೊಂಡಿತು. ನಮ್ಮ ಮಂಡಿ ಪಕ್ಕದ ಮಗುವಿಗೆ ನಾನು ಬಿಚ್ಚಲಿಲ್ಲ.

"ಆಸ್ಪತ್ರೆಗೆ ಹೋದರೆ ನಂಬಿಕೆ ಕಡಿಮೆ ಅಲ್ವಾ ಪಾಸ್ಟರ್?" ಅಂತ ಕೇಳ್ತೀರಿ. ಸುವಾರ್ತೆ ಬರೆದ ಲೂಕನು ವೈದ್ಯನು. ಕೊಲೊಸ್ಸೆ 4:14 ನೋಡಿ. ಪ್ರಾರ್ಥನೆ ಬಿಡಿ ಅಂತ ನಾನು ಹೇಳಲ್ಲ. ಎಲ್ಲ ಮಕ್ಕಳೂ ಗುಣವಾಗ್ತಾರೆ ಅಂತ ಮಾತೂ ಕೊಡಲ್ಲ. ಪ್ರಾರ್ಥಿಸಿದ ಮೇಲೆ ಹಾಸಿಗೆ ಹಿಡೀರಿ ಅಂತೀನಿ.

ಹಾಸಿಗೆಗೆ ನಾಲ್ಕು ಮೂಲೆ. ಒಬ್ಬರು ಫೋನ್ ನಂಬರ್ ತಗೊಂಡು ಆಶಾ ಕಾರ್ಯಕರ್ತೆಗೆ ತಿಳಿಸಿ. ಒಬ್ಬರು ಕೋಲಾರದ ಜಿಲ್ಲಾ ಆಸ್ಪತ್ರೆಗೆ ಜೊತೆಗೆ ಹೋಗಿ, ಕೌಂಟರಿನಲ್ಲಿ ಮಾತಾಡಿ. ಒಬ್ಬರು ಆ ದಿನದ ಕೂಲಿ ಕೊಡಿ. ಒಬ್ಬರು ಗುಡಿಸಲಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳಿ. ಯಾವುದಕ್ಕೂ ಮೈಕ್ ಬೇಕಿಲ್ಲ, ಸ್ಟೇಜ್ ಬೇಕಿಲ್ಲ. ಆ ನಾಲ್ವರ ಹೆಸರೂ ಬೈಬಲಿನಲ್ಲಿಲ್ಲ.

ನಮ್ಮ ಸ್ವಾಮಿಯೂ ರಾತ್ರೋರಾತ್ರಿ ಊರು ಬಿಟ್ಟು ಐಗುಪ್ತಕ್ಕೆ ಹೋದ ಮಗುವೇ. ಆತನನ್ನೂ ಯಾರೋ ಹೊತ್ತುಕೊಂಡು ಹೋದರು.

ಕಣ್ಣು ಮುಚ್ಚೋಣ. ತಂದೆಯೇ, ಆ ತಾಯಿ ಎಲ್ಲಿದ್ದಾಳೋ ನೀನು ಬಲ್ಲೆ. ಆ ಮಗುವನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಮುಂದಿನ ಮಗುವನ್ನು ನಮ್ಮ ಕೈಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.