ಪಟ್ಟಿಯಲ್ಲಿಲ್ಲದ ಬೂಟು

ಅಕ್ಟೋಬರ್ ಬಂತೆಂದರೆ ಪುಣೆಯಲ್ಲಿ ನಮ್ಮಂಥವರ ಫೋನುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ಯಾವ ಬೂಟು ತಗೊಳ್ಳಲಿ? ಮಳೆಗಾಲದ ಕೋಟೆ ಸುತ್ತಾಟ ಮುಗಿದು ಡಿಸೆಂಬರಿನ ಹಿಮಾಲಯ ಚಾರಣಕ್ಕೆ ತಯಾರಿ ಶುರುವಾಗುವ ಕಾಲ ಅದು. ಆಫೀಸಿನಲ್ಲಿ ಇಂಥ ತಂಡ ಕಟ್ಟುವ ಕೆಲಸ ಹೇಗೋ ನನ್ನ ಪಾಲಿಗೆ ಬಂದು ಏಳೆಂಟು ವರ್ಷವಾಯಿತು. ಪ್ರಾಜೆಕ್ಟ್ ಮ್ಯಾನೇಜರ್ ಅಂದಮೇಲೆ ಅವನ ಹತ್ತಿರ ಎಕ್ಸೆಲ್ ಪಟ್ಟಿ ಇದ್ದೇ ಇರುತ್ತದೆಂದು ಜನ ನಂಬಿದ್ದಾರೆ. ಇದೆ ಕೂಡ.

ಪಟ್ಟಿಯ ಮುಖ್ಯ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಬೂಟನ್ನು ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಚಾರಣಕ್ಕೆ ಹಾಕುವ ದಪ್ಪ ಸಾಕ್ಸ್ ತೊಟ್ಟೇ ನೋಡಿ ಕೊಳ್ಳಬೇಕು. ಬೆರಳ ಮುಂದೆ ಒಂದಿಷ್ಟು ಜಾಗ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ಸಹ್ಯಾದ್ರಿಯ ಒದ್ದೆ ಕಪ್ಪುಕಲ್ಲಿನ ಮೇಲೆ ಬ್ರಾಂಡಿಗಿಂತ ಅಡಿಯ ರಬ್ಬರ್ ಮುಖ್ಯ. ಜುಲೈ ಮಳೆಯಲ್ಲಿ ವಾಟರ್‌ಪ್ರೂಫ್ ಬೂಟಿಗೆ ಮೇಲಿಂದ ನುಗ್ಗಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಜೀನ್ಸ್ ಬೇಡವೇ ಬೇಡ. ಚಳಿಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳುವಾದ ಪದರ ಮೇಲು. ಗರಿ ತುಂಬಿದ ಡೌನ್ ಜಾಕೆಟ್ ಹಗುರ, ಬೆಚ್ಚಗೆ. ಒದ್ದೆಯಾದರೆ ಮಾತ್ರ ಮುದುಡಿ ಕೈಕೊಡುತ್ತದೆ. ಬ್ಯಾಗಿನ ಭಾರ ಹೆಗಲ ಮೇಲಲ್ಲ, ಸೊಂಟದ ಪಟ್ಟಿಯ ಮೇಲೆ ಕೂರಬೇಕು.

ಇಷ್ಟು ಸುಲಭ. ಇದರಾಚೆಗೆ ಸಾಹಸದ ಸಾಮಗ್ರಿಯ ಬಗ್ಗೆ ಹಳೆಯದೊಂದು ನೈತಿಕ ಜಗಳವಿದೆ: ಎಷ್ಟು ಸಲಕರಣೆ ಹೊತ್ತರೆ ಅದು ಸಾಹಸವಾಗಿ ಉಳಿಯುತ್ತದೆ? ನಮ್ಮ ತಂಡದ ಹುಡುಗರೂ ಇದನ್ನು ರಾತ್ರಿಯಿಡೀ ಚರ್ಚಿಸಬಲ್ಲರು. ಜಿಪಿಎಸ್ ನೋಡಿ ದಾರಿ ಹಿಡಿದರೆ ದಾರಿ ಹುಡುಕಿದಂತೆಯೇ? ಬಂಡೆಗೆ ಮೊಳೆ ಹೊಡೆದು ಹತ್ತಿದರೆ ಹತ್ತಿದಂತೆಯೇ?

1922ರ ಬ್ರಿಟಿಷ್ ಎವರೆಸ್ಟ್ ತಂಡದಲ್ಲಿ ಈ ಜಗಳ ಜೋರಾಗಿ ನಡೆದಿತ್ತು. ಆಮ್ಲಜನಕದ ಸಿಲಿಂಡರ್ ಹೊತ್ತು ಹತ್ತುವುದು ಕ್ರೀಡಾಧರ್ಮವಲ್ಲ ಎಂದು ಅನೇಕರ ವಾದ. ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞ ಮಾತ್ರ ಅದನ್ನು ಪಟ್ಟು ಹಿಡಿದು ಸಮರ್ಥಿಸಿದ. ಬಲೂನಿಗೆ ಬಳಸುವ ಬಟ್ಟೆಯೊಳಗೆ ಬಾತುಕೋಳಿಯ ನಯವಾದ ಗರಿ ತುಂಬಿಸಿ ತನಗೊಂದು ಕೋಟನ್ನೂ ಹೊಲಿಸಿಕೊಂಡಿದ್ದ. ಟ್ವೀಡ್ ಮತ್ತು ಉಣ್ಣೆಯ ಉಡುಪಿನವರು ಅದನ್ನು ಕಂಡು ನಕ್ಕರು. ಚಳಿ ಏರಿದ ಮೇಲೆ ನಗು ನಿಂತಿತು. ಫಿಂಚ್ ಆ ವರ್ಷ ಆಮ್ಲಜನಕದ ನೆರವಿನಿಂದ 8,300 ಮೀಟರ್ ಎತ್ತರ ಮುಟ್ಟಿದ. ಈಗ ನಾವೆಲ್ಲ ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಜಾಕೆಟ್ಟಿನ ಪೂರ್ವಜ ಆ ಕೋಟು. ಪುಣೆಯವರಿಗೆ ಇನ್ನೊಂದು ಸ್ವಾರಸ್ಯ: ಇದೇ ಫಿಂಚ್ 1952ರಿಂದ 1957ರವರೆಗೆ ನಮ್ಮ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ. ಆ ಗೇಟಿನ ಮುಂದೆ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ನನಗೆ ಆ ಗರಿಕೋಟು ನೆನಪಾಗುತ್ತದೆ.

ಅದೇ ಯಾತ್ರೆಯ ಕೊನೆಯಲ್ಲಿ, ಜೂನ್ 7ರಂದು, ಹೊಸ ಹಿಮ ಬಿದ್ದಿದ್ದ ಇಳಿಜಾರಿನಲ್ಲಿ ಮೂವರು ಬ್ರಿಟಿಷರು ಮತ್ತು 14 ಮಂದಿ ಹೊರೆಯಾಳುಗಳು ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದಾಗ ಹಿಮಪಾತವಾಯಿತು. ಏಳು ಮಂದಿ ಸತ್ತರು. ಏಳೂ ಜನ ಹೊರೆಯಾಳುಗಳು. ಬದುಕುಳಿದ ಬ್ರಿಟಿಷರಲ್ಲಿ ಒಬ್ಬನಾದ ಹಾವರ್ಡ್ ಸಾಮರ್ವೆಲ್‌ಗೆ ಇದು ಜೀರ್ಣವಾಗಲಿಲ್ಲ. ಸತ್ತವರಲ್ಲಿ ತಾನೂ ಒಬ್ಬನಾಗಿದ್ದರೆ, ಉಳಿದ ಹೊರೆಯಾಳುಗಳಿಗೆ ನಾವೂ ನಷ್ಟದಲ್ಲಿ ಪಾಲುದಾರರು ಎಂದು ತೋರಿಸಿದಂತಾಗುತ್ತಿತ್ತು ಎಂಬರ್ಥದ ಮಾತನ್ನು ಆತ ಮುಂದೆ ಬರೆದ. ಸಾಮರ್ವೆಲ್ ವೃತ್ತಿಯಿಂದ ಶಸ್ತ್ರವೈದ್ಯ. ಯಾತ್ರೆ ಮುಗಿದ ಮೇಲೆ ದಕ್ಷಿಣ ಭಾರತ ಸುತ್ತಿ, ಆಗಿನ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ದುಡಿದ. ಆ ಹಿಮಪಾತಕ್ಕೂ ಈ ನಿರ್ಧಾರಕ್ಕೂ ನಾನು ಗಂಟು ಹಾಕಲಾರೆ.

ನನ್ನನ್ನು ಕಾಡುವುದು ಬೇರೆ. ಆಮ್ಲಜನಕ ಧರ್ಮವೋ ಅಧರ್ಮವೋ ಎಂದು ವಾದಿಸುವಷ್ಟು ನೈತಿಕ ಸೂಕ್ಷ್ಮತೆ ಆ ತಂಡಕ್ಕಿತ್ತು. ಆದರೆ ಆ ವಾದ ಪೂರ್ತಿ ಹತ್ತುವವನ ಹಿರಿಮೆಯ ಕುರಿತದ್ದು. ಸಿಲಿಂಡರುಗಳನ್ನು ಅಷ್ಟು ಎತ್ತರಕ್ಕೆ ಹೊತ್ತವನು ಆ ವಾದದೊಳಗೆ ಇರಲೇ ಇಲ್ಲ. ನೂರು ವರ್ಷ ಕಳೆದರೂ ನಮ್ಮ ಚರ್ಚೆ ಹೆಚ್ಚು ಬದಲಾಗಿಲ್ಲ ಎಂದು ನನ್ನ ಅನಿಸಿಕೆ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಸತ್ತ 16 ಮಂದಿಯೂ ನೇಪಾಳಿ ಕೆಲಸಗಾರರು.

ನಾವು ಹೋಗುವುದು ಎವರೆಸ್ಟಿಗಲ್ಲ, ಉತ್ತರಾಖಂಡದ ಸಾಂಕ್ರಿಯಿಂದ ಕೇದಾರಕಂಠಕ್ಕೆ. ಸುಮಾರು 3,800 ಮೀಟರ್, ಡಿಸೆಂಬರಿನಲ್ಲಿ ಹಿಮ. ಅಲ್ಲಿ ಒಂದು ಅನುಕೂಲವಿದೆ: ದಿನಕ್ಕಿಷ್ಟು ಎಂದು ಕೊಟ್ಟರೆ ನಿಮ್ಮ ಬ್ಯಾಗನ್ನು ಹೇಸರಗತ್ತೆಯ ಮೇಲೋ ಆಳಿನ ಬೆನ್ನ ಮೇಲೋ ಕಳಿಸುತ್ತಾರೆ. ಬುಕಿಂಗ್ ಫಾರ್ಮಿನಲ್ಲಿ ಅದೊಂದು ಟಿಕ್ ಗುರುತು, ಅಷ್ಟೇ. ನಮ್ಮ ವೃತ್ತಿಯಲ್ಲಿ ಅಪಾಯವನ್ನು ನಿಭಾಯಿಸಲು ನಾಲ್ಕು ದಾರಿ ಹೇಳಿಕೊಡುತ್ತಾರೆ: ತಪ್ಪಿಸು, ತಗ್ಗಿಸು, ಒಪ್ಪಿಕೋ, ವರ್ಗಾಯಿಸು. ನಾಲ್ಕನೆಯದು ಎಲ್ಲ ಮ್ಯಾನೇಜರುಗಳಿಗೂ ಇಷ್ಟ, ಯಾಕೆಂದರೆ ನಮ್ಮ ಹಾಳೆಯಲ್ಲಿ ಆ ಸಾಲು ಹಸಿರಾಗುತ್ತದೆ. ಅಪಾಯ ಎಲ್ಲಿಗೂ ಹೋಗಿರುವುದಿಲ್ಲ, ಇನ್ನೊಬ್ಬನ ಹಾಳೆಗೆ ಹೋಗಿರುತ್ತದೆ. ನಾನು ಎರಡು ತಿಂಗಳು ಹುಡುಕಿ ಕೊಂಡ ಬೂಟು, ಅದಕ್ಕೆ ಸಿಕ್ಕಿಸಲು ಬಾಡಿಗೆಯ ಕಬ್ಬಿಣದ ಮುಳ್ಳುಪಟ್ಟಿ, ನನ್ನ ಬೆನ್ನಲ್ಲಿ ನೀರಿನ ಬಾಟಲಿ ಮಾತ್ರ. ಪಕ್ಕದಲ್ಲಿ ನನ್ನ ಹನ್ನೆರಡು ಕಿಲೋ ಸೇರಿ ಇನ್ನೂ ಮೂವರ ಸಾಮಾನನ್ನು ಹೊರಡಿಸಿಕೊಂಡು ಹೋಗುವವನ ಕಾಲಲ್ಲಿ ಗಮ್‌ಬೂಟು.

ಇದನ್ನು ಎತ್ತಿದರೆ ತಂಡದಲ್ಲಿ ಎರಡು ಉತ್ತರ ಬರುತ್ತವೆ. ಒಂದು, “ಸರ್, ಅವರಿಗೆ ಅಭ್ಯಾಸ ಆಗಿರುತ್ತೆ.” ಈ ಮಾತನ್ನು ನಾನು ಒಪ್ಪುವುದಿಲ್ಲ. ನೇಪಾಳದಲ್ಲಿ ಹೊರೆ ಹೊರುವವರಲ್ಲಿ ಬಹಳಷ್ಟು ಜನ ಎತ್ತರದ ಊರಿನವರೇ ಅಲ್ಲ, ತಗ್ಗಿನ ಕಣಿವೆಗಳಿಂದ ಕೂಲಿಗೆ ಬರುವ ರೈತರು. ಎತ್ತರದ ಕಾಯಿಲೆ ಅವರಿಗೂ ನಮ್ಮಷ್ಟೇ ಬರುತ್ತದೆ. ಅಭ್ಯಾಸವೆಂಬುದು ಮೈಗಿಂತ ಹೆಚ್ಚಾಗಿ ಜೇಬಿಗೆ ಆಗಿರುತ್ತದೆ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಕ್ವಿಂಟಲ್ ಚೀಲ ಹೊರುತ್ತಿದ್ದ ಹಮಾಲರ ಬಗ್ಗೆಯೂ ನಮ್ಮ ಮನೆಯಲ್ಲಿ ಇದೇ ಮಾತು ಆಡುತ್ತಿದ್ದರು, ಅವರ ಸೊಂಟ ಐವತ್ತಕ್ಕೇ ಬಾಗಿದ್ದನ್ನು ಕಂಡೂ.

ಇನ್ನೊಂದು ಉತ್ತರ ಗಟ್ಟಿಯಾದದ್ದು: “ಎಲ್ಲರೂ ತಮ್ಮ ಬ್ಯಾಗ್ ತಾವೇ ಹೊತ್ತರೆ ಅವರ ಹೊಟ್ಟೆಪಾಡು ಏನು?” ನಿಜ. ಚಳಿಗಾಲದಲ್ಲಿ ಆ ಊರಿಗೆ ನಾವೇ ಬೆಳೆ. ನನ್ನ ಚೀಲ ನಾನೇ ಹೊತ್ತು ಹೆಮ್ಮೆ ಪಟ್ಟರೆ ನನ್ನ ಬೆನ್ನು ಪವಿತ್ರವಾದೀತು, ಅವನ ಮನೆಯ ಒಲೆ ಉರಿಯುವುದಿಲ್ಲ. ಅದೂ ಫಿಂಚ್ ಕಾಲದ ಜಗಳದ ಹಾಗೆ ನನ್ನ ಹಿರಿಮೆಯ ಪ್ರಶ್ನೆಯೇ ಆಗಿಬಿಡುತ್ತದೆ. ಹಾಗಾಗಿ ಹೊರಬೇಕೋ ಬೇಡವೋ ಎಂಬುದನ್ನು ಬಿಟ್ಟು, ಏನು ತೊಟ್ಟು, ಎಷ್ಟು ಹೊತ್ತು, ಎಲ್ಲಿ ಮಲಗಿ ಎಂದು ಕೇಳುವುದು ವಾಸಿ. ಕಿಲಿಮಂಜಾರೋದಲ್ಲಿ ಆಳಿಗೆ 20 ಕಿಲೋ ಎಂದು ಮಿತಿಯಿದೆ. ಅಲ್ಲಿ ಹೊರೆಯಾಳುಗಳಿಗೆ ಚಾರಣದ ಬಟ್ಟೆಬರೆಯನ್ನು ಎರವಲು ಕೊಡುವ ಸಂಸ್ಥೆಯೂ ಇದೆ. ಗ್ರಾಹಕ ಕೇಳಿದ ಕಡೆ ವ್ಯವಸ್ಥೆ ಹುಟ್ಟುತ್ತದೆ. ಇದನ್ನು ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡು ವರ್ಷದಿಂದ ನಮ್ಮ ಪಟ್ಟಿಯಲ್ಲಿ ಕೆಳಗೊಂದು ಭಾಗ ಸೇರಿದೆ. ಮುಂಗಡ ಕೊಡುವ ಮೊದಲೇ ಚಾರಣದ ಕಂಪನಿಗೆ ಕೇಳುತ್ತೇವೆ: ಆಳಿನ ಹೊರೆ ಎಷ್ಟು ಕಿಲೋ, ವಿಮೆ ಇದೆಯೇ, ರಾತ್ರಿ ಅಡುಗೆ ಡೇರೆಯಲ್ಲೇ ಮಲಗಿಸುತ್ತೀರೋ ಬೇರೆ ಡೇರೆ ಕೊಡುತ್ತೀರೋ, ಕಾಲಿಗೆ ಏನು? ಒಂದು ಕಂಪನಿ ಉತ್ತರವನ್ನೇ ಕೊಡಲಿಲ್ಲ. ಇನ್ನೊಂದು ಕೊಟ್ಟಿತು, ತಲೆಗೆ ಸ್ವಲ್ಪ ಹೆಚ್ಚು ಹಣ ಕೇಳಿತು. ತಂಡದಲ್ಲಿ ಇಬ್ಬರು ಗೊಣಗಿದರು. ಆ ಹೆಚ್ಚಳ ಅವರ ಕಪ್ಪು ಕನ್ನಡಕದ ಬೆಲೆಗಿಂತ ಕಡಿಮೆಯಿತ್ತು, ನಾನೇನೂ ಹೇಳಲಿಲ್ಲ.

ಆ ಭಾಗದಲ್ಲಿ ‘ಹೇಸರಗತ್ತೆಯವರಿಗೂ ಮುಳ್ಳುಪಟ್ಟಿ’ ಎಂದು ಬರೆದಿದ್ದೆ. ಕಳೆದ ಸಲ ಸಾಂಕ್ರಿಯಲ್ಲಿ ನಮ್ಮ ಸಾಮಾನು ಹೇರುತ್ತಿದ್ದ ಅಣ್ಣನಿಗೆ ಒಂದು ಜೊತೆ ಕೊಡಹೋದರೆ ಆತ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ವಾಪಸ್ ಕೊಟ್ಟ. “ಕೆಸರು ಬಂದಾಗ ಬಿಚ್ಚಬೇಕು, ಹಿಮ ಬಂದಾಗ ಕಟ್ಟಬೇಕು, ಅಷ್ಟರಲ್ಲಿ ಖಚ್ಚರ್ ಮುಂದಿನ ತಿರುವು ದಾಟಿರುತ್ತೆ ಸಾಬ್. ಗಮ್‌ಬೂಟು ಸಾಕು. ಒಳಗೆ ಹಾಕಲು ಉಣ್ಣೆ ಸಾಕ್ಸ್ ಇದ್ದರೆ ನೋಡಿ, ಮಗನಿಗೂ ಒಂದು ಜೊತೆ.” ಈ ಡಿಸೆಂಬರಿನ ಪಟ್ಟಿಯಲ್ಲಿ ಆ ಸಾಲನ್ನು ತಿದ್ದಿದ್ದೇನೆ. ಮಗನ ಪಾದದ ಅಳತೆ ಕೇಳಿ ಹೇಳಲು ಕಂಪನಿಯವರಿಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.